ಚೆಕ್‌ರೋಲ್‌ನಲ್ಲಿ ಇಲ್ಲದ ಕೆಲಸ

ಮೊನ್ನೆ ಕೊಡಗಿನ ಸುಂಟಿಕೊಪ್ಪದಲ್ಲಿ ಒಂದು ಮದುವೆ. ಊಟದ ಸಾಲಿನಲ್ಲಿ ನಿಂತಿದ್ದಾಗ ಹಳೆ ಪರಿಚಯದವರೊಬ್ಬರು ಸಿಕ್ಕಿದರು. "ಈಗ ಯಾವ ತೋಟದಲ್ಲಿ?" ಅಂತ ಕೇಳಿದರು. ತೋಟ ಬಿಟ್ಟೆ, ಈಗ ಮನೆಯಿಂದಲೇ ಕೆಲಸ ಅಂದೆ. "ಓ, ಮನೇಲೇ ಇದ್ದೀಯಾ" ಅಂದರು. ನಾನು ಹೇಳಿದ್ದರಲ್ಲಿ ಕೆಲಸ ಅನ್ನುವ ಮಾತು ಅವರ ಕಿವಿ ತಲುಪುವಷ್ಟರಲ್ಲಿ ಎಲ್ಲೋ ಉದುರಿ ಹೋಗಿತ್ತು. ಅವರ ಮೇಲೆ ಕೋಪವೇನೂ ಬರಲಿಲ್ಲ. ಬೇಜಾರಾದದ್ದು ಬೇರೆ ಕಾರಣಕ್ಕೆ. ಆ ಮಾತನ್ನು ನಾನೇ ನನಗೆ ಎರಡು ವರ್ಷ ಹೇಳಿಕೊಂಡಿದ್ದೆ. ಬಾಯಲ್ಲಿ ಅಲ್ಲ. ಮನೆಯೊಳಗೆ ಯಾವ ಮೂಲೆಯಲ್ಲಿ ಕೂತೆ, ಯಾವ ಕುರ್ಚಿಯಲ್ಲಿ ಕೂತೆ ಅನ್ನುವುದರಲ್ಲಿ.

ಪ್ರಸ್ತುತ 32, ಬಿಡಿ 4

ಮಾದಾಪುರ ದಾರಿಯ ಒಂದು ಕಾಫಿ ತೋಟದಲ್ಲಿ ನಾನು 14 ವರ್ಷ ರೈಟರ್ ಆಗಿದ್ದೆ. ಹೊರಗಿನವರಿಗಾಗಿ ಒಂದು ಮಾತು: ತೋಟದ ರೈಟರ್ ಕಥೆ ಬರೆಯುವವನಲ್ಲ. ಬೆಳಿಗ್ಗೆ ಏಳೂವರೆಗೆ ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕ, ಹಿಡಿದು ಕೂಲಿಯವರ ಲೈನ್‌ಮನೆ ಮುಂದೆ ನಿಲ್ಲುವುದು, ಹೆಸರು ಕರೆಯುವುದು. ಬಂದವರಿಗೆ 1, ಮಧ್ಯಾಹ್ನ ಹೋದವರಿಗೆ ½, ಬಾರದವರಿಗೆ ಅಡ್ಡಗೆರೆ. ಅಪರೂಪಕ್ಕೆ, ಕೊಯ್ಲಿನ ಕಾಲದಲ್ಲಿ ಕತ್ತಲಾಗುವ ತನಕ ನಿಂತವರಿಗೆ 1½. ಆಮೇಲೆ ಕಸಿ ಎಲ್ಲಿ, ಚಿಗುರು ತೆಗೆಯುವುದು ಎಲ್ಲಿ, ಗೊಬ್ಬರ ಯಾವ ಬ್ಲಾಕಿಗೆ ಅಂತ ಇಡೀ ದಿನ ಏರುವುದು, ಇಳಿಯುವುದು. ಸಂಜೆ ತೂಕದ ತಕ್ಕಡಿ ಮುಂದೆ ಮತ್ತೆ ನಿಲ್ಲುವುದು. ಚೆಕ್‌ರೋಲ್ ಕೂಡ ನಾನು ಎಡಗೈ ಮೇಲೆ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೆ. ಕೂತವರ ಹೆಸರಿನ ಮುಂದೆ 1 ಹಾಕಿದ ನೆನಪು ನನಗಿಲ್ಲ. ಯಾರಾದರೂ ಕೂತಿದ್ದು ಕಂಡರೆ ಮೇಸ್ತ್ರಿಯ ಕೂಗು ಆಚೆ ಬ್ಲಾಕಿಗೂ ಕೇಳುತ್ತಿತ್ತು.

2018ರ ಆಗಸ್ಟ್‌ನ ಮಳೆ, ಭೂಕುಸಿತ ಆದಮೇಲೆ ನಮ್ಮ ಕಡೆ ಯಾವುದೂ ಮೊದಲಿನ ಹಾಗೆ ಇರಲಿಲ್ಲ. ಅದನ್ನು ಮತ್ತೆ ಬರೆಯುವುದಿಲ್ಲ, ಎಲ್ಲರೂ ನೋಡಿದ್ದೇ. ತೋಟ ಕೈ ಬದಲಾಯಿತು. ಹೊಸಬರು ಹಾಜರಿಗೆ ಒಂದು ಆ್ಯಪ್ ತಂದರು. ಕನ್ನಡದಲ್ಲೂ ಇದೆ ಅಂತ ಹೆಮ್ಮೆಯಿಂದ ತೋರಿಸಿದರು. ತೆರೆದು ನೋಡಿದರೆ ಪ್ರೆಸೆಂಟ್ ಅನ್ನುವುದಕ್ಕೆ 'ಪ್ರಸ್ತುತ' ಅಂತ ಹಾಕಿದ್ದಾರೆ. ಲೀವ್ ಅನ್ನುವುದಕ್ಕೆ 'ಬಿಡಿ'. ದಿನದ ಕೊನೆಗೆ ಪರದೆ ಮೇಲೆ 'ಪ್ರಸ್ತುತ 32, ಬಿಡಿ 4' ಅಂತ ಬರುತ್ತಿತ್ತು. ಆ ನಾಲ್ವರನ್ನು ಎಲ್ಲಿಗೆ ಬಿಡುವುದು ಅಂತ ನಾವು ನಗುತ್ತಿದ್ದೆವು. ನಾನು ಒಂದು ಭಾನುವಾರ ಕೂತು ಆ ಆ್ಯಪಿನ ತಪ್ಪನ್ನೆಲ್ಲ ಪಟ್ಟಿ ಮಾಡಿ, ಪಕ್ಕದಲ್ಲಿ ಸರಿಯಾದ ಮಾತು ಬರೆದು, ಅದನ್ನು ಮಾಡಿದವರಿಗೆ ಕಳಿಸಿದೆ. ಸುಮ್ನೆ ಕಳಿಸಿದ್ದು. ಅವರು ದುಡ್ಡು ಕೊಟ್ಟರು. ಮುಂದಿನ ತಿಂಗಳು ಇನ್ನೊಂದು ಆ್ಯಪ್ ಕಳಿಸಿದರು. ನನ್ನ ಕೈಯಿಂದ ಚೆಕ್‌ರೋಲ್ ಕಿತ್ತುಕೊಂಡ ಆ್ಯಪೇ ನನಗೆ ಕೆಲಸ ಕೊಟ್ಟಿತು. 2021ರಲ್ಲಿ ತೋಟ ಬಿಟ್ಟೆ. ಈಗ ಬ್ಯಾಂಕಿನ ಆ್ಯಪ್, ಬಸ್ಸಿನ ಆ್ಯಪ್, ಔಷಧಿ ಆ್ಯಪ್, ಎಲ್ಲದರ ಕನ್ನಡ ನೋಡುತ್ತೇನೆ. ನಿಮ್ಮ ಮೊಬೈಲಿಗೆ 'ಒಟಿಪಿಯನ್ನು ಯಾರಿಗೂ ಹೇಳಬೇಡಿ' ಅಂತ ಬರುತ್ತಲ್ಲ, ಅಂಥದ್ದರಲ್ಲಿ ಕೆಲವು ನನ್ನವು.

ಹಿಂದಿನ ಜಗಲಿ

ಮನೆಯಲ್ಲಿ ಕೂರಬೇಕು ಅಂದಾಗ ನಾನು ಯಾವ ಜಾಗವನ್ನೂ ಕೇಳಲಿಲ್ಲ. ಕೇಳಲಿಕ್ಕೆ ನಾಚಿಕೆ. ಅಮ್ಮ ಈ ವಯಸ್ಸಿನಲ್ಲೂ ಕಣದಲ್ಲಿ ಕಾಫಿ ಕೈಯಾಡಿಸುತ್ತಾರೆ, ಹೆಂಡತಿ ಬೆಳಿಗ್ಗೆ ಏಳಕ್ಕೆ ಅಂಗನವಾಡಿಗೆ ಹೊರಡುವ ಗಡಿಬಿಡಿಯಲ್ಲಿ ಇರುತ್ತಾಳೆ, ನಾನು ಫ್ಯಾನ್ ಕೆಳಗೆ ಮೇಜು ಕುರ್ಚಿ ಹಾಕಿಸಿ ಕೂರುವುದಾ? ಹಿಂದಿನ ಜಗಲಿಗೆ ಶೀಟು ಹೊದೆಸಿ ಮುಚ್ಚಿದ್ದ ಒಂದು ಮೂಲೆ ಇತ್ತು. ಗೊಬ್ಬರದ ಖಾಲಿ ಚೀಲ, ಕಳೆ ಹೊಡೆಯುವ ಮೆಷಿನ್, ಒಂದು ತುಕ್ಕು ಹಿಡಿದ ಸೈಕಲ್. ಅಲ್ಲಿ ಮಗಳು ಐದನೇ ಕ್ಲಾಸಿನಲ್ಲಿ ಬಳಸುತ್ತಿದ್ದ ಅಂಗಡಿ ಮೇಜು ಹಾಕಿಕೊಂಡೆ. ಕುರ್ಚಿ ಪ್ಲಾಸ್ಟಿಕ್‌ದು, ಶಾಮಿಯಾನದವರು ಕೊಡುವಂಥದ್ದು. ಯಾರಿಗೂ ತೊಂದರೆ ಇಲ್ಲ ಅಂತ ಸಮಾಧಾನ.

ದಿನಕ್ಕೆ ಹತ್ತು ಮೈಲಿ ನಡೆದರೂ ನೋಯದ ದೇಹ ಮೂರು ತಿಂಗಳು ಕೂತದ್ದಕ್ಕೆ ಕೆಟ್ಟುಹೋಯಿತು. ಮೊದಲು ಕುತ್ತಿಗೆ, ಆಮೇಲೆ ಬಲಗೈ ಮಣಿಕಟ್ಟು, ಆಮೇಲೆ ಸೊಂಟದಲ್ಲಿ ಒಂದು ಚುಕ್ಕೆಯಷ್ಟು ಜಾಗ. ಲ್ಯಾಪ್‌ಟಾಪಿನ ತೊಂದರೆ ಏನು ಅಂದರೆ ಪರದೆಯೂ ಕೀಲಿಗಳೂ ಒಂದಕ್ಕೊಂದು ಅಂಟಿಕೊಂಡಿವೆ. ಕಣ್ಣಿಗೆ ಸರಿಯಾದ ಎತ್ತರಕ್ಕೆ ಇಟ್ಟರೆ ಕೈ ಮೇಲಕ್ಕೆ ತೇಲುತ್ತದೆ. ಕೈಗೆ ಸರಿ ಮಾಡಿದರೆ ತಲೆ ಕಳೆ ಕೀಳುವವರ ಹಾಗೆ ಬಾಗುತ್ತದೆ. ಕಳೆ ಕೀಳುವವರಾದರೂ ಆಗಾಗ ಎದ್ದು ಸೊಂಟಕ್ಕೆ ಕೈ ಕೊಟ್ಟು ಆಕಾಶ ನೋಡುತ್ತಾರೆ. ನಾನು ಅದೂ ಮಾಡುತ್ತಿರಲಿಲ್ಲ. ಎದ್ದರೆ ಕೆಲಸ ಇಲ್ಲದವನ ಹಾಗೆ ಕಾಣುತ್ತೇನೆ ಅನ್ನುವ ಭಯ.

ಜುಲೈನಲ್ಲಿ ಮೊದಲ ವಿಡಿಯೋ ಮೀಟಿಂಗ್. ಬೆಂಗಳೂರಿನಿಂದ ಐದು ಜನ. ಆವತ್ತಿನ ಚರ್ಚೆ 'ಹೋಮ್' ಅನ್ನುವ ಗುಂಡಿಗೆ ಕನ್ನಡದಲ್ಲಿ ಏನು ಹಾಕುವುದು ಅಂತ. ಮೊದಲು ಯಾರೋ 'ಮನೆ' ಅಂತ ಹಾಕಿದ್ದರು. ನಾನು 'ಮುಖಪುಟ' ಅನ್ನಲಿಕ್ಕೆ ಬಾಯಿ ತೆರೆದೆ, ಅಷ್ಟರಲ್ಲಿ ಮಳೆ ಬಿತ್ತು. ಶೀಟಿನ ಮೇಲೆ ಮಳೆ ಬೀಳುವುದು ಹೇಗೆ ಅಂತ ಇಲ್ಲಿನವರಿಗೆ ಗೊತ್ತು. "ಸರ್, ನಿಮ್ಮ ಕಡೆ ಏನೋ ಹುರೀತಾ ಇದ್ದಾರಾ?" ಅಂತ ಒಬ್ಬ ಹುಡುಗಿ ಕೇಳಿದಳು. ಮಳೆ ಅಂದೆ. "ಏನು?" ಮಳೆ! "ಕೇಳಿಸ್ತಿಲ್ಲ ಸರ್." ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಸುರಿಯುತ್ತದೆ, ಬೆಂಗಳೂರಿನಲ್ಲಿ ಸಾವಿರದ ಆಸುಪಾಸು. ಆ ವ್ಯತ್ಯಾಸವನ್ನು ಕೂಗಿ ಹೇಳಲಿಕ್ಕೆ ಆಗುವುದಿಲ್ಲ. 'ಮುಖಪುಟ' ಅಂತ ಟೈಪ್ ಮಾಡಿದೆ. ಕಳಿಸುವ ಮೊದಲು ಕರೆಂಟ್ ಹೋಯಿತು. ಆ ಆ್ಯಪಿನಲ್ಲಿ ಇವತ್ತಿಗೂ 'ಮನೆ' ಅಂತಲೇ ಇದೆ.

ಹೆಂಡತಿಯೇ ಬೈದು ಒಂದು ಕುರ್ಚಿ ತರಿಸಿದಳು. ಆನ್‌ಲೈನ್‌ನಲ್ಲಿ 'ಬಾಸ್ ಚೇರ್' ಅಂತ ಹೆಸರು. ಕಪ್ಪು, ಲೆದರ್ ಥರದ್ದು, ದಪ್ಪ ಕೈ. ಎರಡು ವಾರ ರಾಜನ ಹಾಗೆ ಕೂತೆ. ಕಕ್ಕಡ, ಅಂದರೆ ಜಡಿಮಳೆಯ ಆಟಿ ತಿಂಗಳು, ಬರುವಷ್ಟರಲ್ಲಿ ಅದರ ಬೆನ್ನಿನ ಮೇಲೆ ಬೂದಿ ಎರಚಿದ ಹಾಗೆ ಬೂಷ್ಟು. ಒರೆಸಿದರೆ ಹೋಗುತ್ತಿತ್ತು, ಮೂರನೇ ದಿನ ಮತ್ತೆ ಬರುತ್ತಿತ್ತು. ಅಂಗಿಗೆ ಅಂಟುತ್ತಿತ್ತು. ಇನ್ನೊಂದು ವಿಷಯ ಯಾರೂ ಹೇಳಿರಲಿಲ್ಲ. ಹಳೆ ಮನೆಗಳ ಜಗಲಿಯ ನೆಲ ನೀರು ಹರಿದುಹೋಗಲಿ ಅಂತ ಸ್ವಲ್ಪ ಇಳಿಜಾರು ಇರುತ್ತದೆ, ಅಲ್ವಾ? ಗಾಲಿ ಕುರ್ಚಿ ಆ ಇಳಿಜಾರನ್ನು ಹಿಡಿಯಿತು. ಮೀಟಿಂಗಿನಲ್ಲಿ ಮಾತಾಡುತ್ತಾ ಮಾತಾಡುತ್ತಾ ನಾನು ಮೆಲ್ಲಗೆ ಮೋರಿ ಕಡೆ ಹೊರಟುಬಿಡುತ್ತಿದ್ದೆ.

ಬೆಕ್ಕು ಮಲಗುವ ಕೋಣೆ

ಮಳೆಗಾಲದಲ್ಲಿ ನಮ್ಮ ಬೆಕ್ಕು ಕಾಣುವುದಿಲ್ಲ. ಊಟದ ಹೊತ್ತಿಗೆ ಬರುತ್ತದೆ, ಮೈ ಒಣಗಿರುತ್ತದೆ, ಬೆಚ್ಚಗಿರುತ್ತದೆ. ಇಡೀ ಮನೆಯ ಹಾಸಿಗೆ ಬಟ್ಟೆ ಪುಸ್ತಕ ಎಲ್ಲ ಒದ್ದೆ ವಾಸನೆ ಹೊಡೆಯುತ್ತಿರುವಾಗ ಇದು ಎಲ್ಲಿ ಮಲಗುತ್ತದೆ ಅಂತ ಒಂದು ದಿನ ಹಿಂದೆಯೇ ಹೋದೆ. ಮೆಣಸಿನ ಕೋಣೆ. ಅಜ್ಜನ ಕಾಲದಿಂದ ಒಳ್ಳೆಮೆಣಸು (ಕಾಳುಮೆಣಸು), ಒಣಗಿದ ಕಾಫಿ ಇಡುತ್ತಿದ್ದ ಕೋಣೆ. ಅದರ ಒಂದು ಗೋಡೆಯ ಆಚೆ ಬಚ್ಚಲ ಒಲೆ. ಬೆಳಿಗ್ಗೆ ಸಂಜೆ ನೀರು ಕಾಯಿಸಲಿಕ್ಕೆ ಬೆಂಕಿ ಹಾಕುವುದರಿಂದ ಆ ಗೋಡೆ ಯಾವಾಗಲೂ ಬೆಚ್ಚಗೆ. ಮೇಲೆ ಶೀಟಲ್ಲ, ಹಂಚು. ಹಂಚಿನ ಕೆಳಗೆ ಮರದ ಅಟ್ಟ. ನೆಲದ ಮೇಲೆ ಹಲಗೆ ಹಾಸಿ ಎತ್ತರಿಸಿದ್ದಾರೆ.

ನಾನು ಬಾಗಿಲಲ್ಲೇ ನಿಂತೆ. ಯಾಕಂದ್ರೆ ಇದೆಲ್ಲ ನನಗೆ ಗೊತ್ತಿತ್ತು. 14 ವರ್ಷ ನಾನೇ ಬೇರೆಯವರಿಗೆ ಹೇಳಿದ್ದು: ಕಾಫಿ ಮೂಟೆಯನ್ನು ಬರೀ ನೆಲದ ಮೇಲೆ ಇಡಬೇಡಿ, ಹಲಗೆ ಹಾಕಿ, ಗೋಡೆಗೆ ಒರಗಿಸಬೇಡಿ, ಜಾಗ ಬಿಡಿ, ಗಾಳಿ ಆಡಲಿ. ರೊಬಸ್ಟಾ ಚೆರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಕಾಫಿ ಹಣ್ಣಿನ, ತೇವ ಶೇ. 11ಕ್ಕೆ ಇಳಿಯುವ ತನಕ ಒಳಗೆ ತರಬೇಡಿ, ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ಕಾಫಿಗೆ ಇಷ್ಟೆಲ್ಲ ನೋಡುವವನು ನನ್ನ ಕಂಪ್ಯೂಟರನ್ನೂ ಬೆನ್ನನ್ನೂ ತಗೊಂಡು ಹೋಗಿ ಮನೆಯ ಅತೀ ಒದ್ದೆ ಮೂಲೆಗೆ ಒರಗಿಸಿದ್ದೆ.

"ಮೆಣಸು ಎಲ್ಲಿಡ್ತೀಯಾ?" ಅಮ್ಮನ ಮೊದಲ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ರೇಟ್ ಬರುವ ತನಕ ಮೆಣಸು ಇಟ್ಟುಕೊಳ್ಳುವುದೇ ನಮ್ಮಂಥ ಎರಡು ಎಕರೆಯವರ ಬ್ಯಾಂಕು. ಮೂರು ದಿನ ಮಾತುಕತೆ ನಡೆಯಿತು. ಕೊನೆಗೆ ಅರ್ಧ ಕೋಣೆ ಮೆಣಸಿಗೆ, ಅರ್ಧ ನನಗೆ. ಬೆಚ್ಚಗಿನ ಗೋಡೆಯ ಕಡೆ ಮೆಣಸಿಗೆ, ಕಿಟಕಿ ಕಡೆ ನನಗೆ. ಹಾಗಾಗಿ ವಿಡಿಯೋದಲ್ಲಿ ನನ್ನ ಹಿಂದೆ ಗೋಣಿಚೀಲಗಳ ಸಾಲು ಕಾಣುತ್ತದೆ. ಬೇರೆಯವರು ಹಿಂದೆ ಪುಸ್ತಕದ ಕಪಾಟು ತೋರಿಸುತ್ತಾರೆ. ನನ್ನದು ನೋಡಿದ ಮೇಲೆ ಮೀಟಿಂಗ್ ಮುಗಿಯುವ ಮೊದಲು ಯಾರಾದರೂ ಒಬ್ಬರು "ಸರ್, ಒಂದು ಕೆಜಿ ಸಿಗುತ್ತಾ?" ಅನ್ನುತ್ತಾರೆ.

ಆಶಾರಿಯ ಅಳತೆ

ಮೇಜು ಮಾಡಿಸಲಿಕ್ಕೆ ಮರ ಇತ್ತು. 2018ರ ಆ ಮಳೆಯಲ್ಲಿ ಮನೆಯ ಹಿಂದಿನ ಹಲಸು ಬೇರು ಸಮೇತ ಬಿದ್ದಿತ್ತು. ಕೊಯ್ಯಿಸಿ ಹಲಗೆ ಮಾಡಿ ಅಟ್ಟಕ್ಕೆ ಹಾಕಿದ್ದೆವು. ಯಾರೂ ಮುಟ್ಟಿರಲಿಲ್ಲ. ಆಶಾರಿ, ಅಂದರೆ ಮರಗೆಲಸದವರು, ಬಂದರು. ಎಪ್ಪತ್ತು ದಾಟಿದವರು, ಮಾತು ಅರ್ಧ ಕನ್ನಡ, ಅರ್ಧ ಮಲಯಾಳ. ನಾನು ಇಂಟರ್ನೆಟ್ಟಿನಲ್ಲಿ ನೋಡಿ ಬರೆದಿಟ್ಟ ಚೀಟಿ ಕೊಟ್ಟೆ: ಎತ್ತರ 75 ಸೆಂಟಿಮೀಟರ್. ಅವರು ಚೀಟಿಯನ್ನು ಒಮ್ಮೆ ನೋಡಿ, ಮಡಿಸಿ, ನನ್ನ ಜೇಬಿಗೇ ಹಾಕಿದರು. ಆಮೇಲೆ ಕೇಳಿದರು, "ನೀನು ಚಪ್ಪಲಿ ಹಾಕಿ ಕೂರುವುದಾ, ಬಿಚ್ಚಿ ಕೂರುವುದಾ?"

ಇದನ್ನು ಯಾವ ವೆಬ್‌ಸೈಟೂ ಕೇಳಿರಲಿಲ್ಲ. ಬಿಚ್ಚಿ ಅಂದೆ. ಕುರ್ಚಿಯಲ್ಲಿ ಕೂರಿಸಿದರು. ಪಾದ ಹಲಗೆಗೆ ಪೂರ್ತಿ ತಾಗುವ ತನಕ ಕುರ್ಚಿ ಇಳಿಸಿದರು. ಎರಡು ಮೆಣಸಿನ ಮೂಟೆ ಎಳೆದು, ಅದರ ಮೇಲೆ ಒಂದು ಹಲಸಿನ ಹಲಗೆ ಅಡ್ಡ ಇಟ್ಟು, "ನಿನ್ನ ಕೆಲಸ ಮಾಡು" ಅಂದರು. ಕೀಬೋರ್ಡ್ ಇಟ್ಟು ಟೈಪ್ ಮಾಡಲಿಕ್ಕೆ ಕೂತೆ. ಅವರು ಹಿಂದೆ ಹೋಗಿ ನಿಂತರು. ಬೀಡಿ ಹಚ್ಚಲಿಲ್ಲ, ಕಿವಿಯ ಮೇಲೆ ಪೆನ್ಸಿಲ್ ಇತ್ತು, ಸುಮ್ಮನೆ ನನ್ನ ಹೆಗಲು ನೋಡುತ್ತಿದ್ದರು. ಐದು ನಿಮಿಷ ಆಗಿರಬೇಕು. "ಹೆಗಲು ಏರಿತು" ಅಂದರು. ಮೂಟೆಯ ಬಾಯಿ ಬಿಚ್ಚಿ ಎರಡು ಬೊಗಸೆ ಮೆಣಸು ತೆಗೆದು ಬುಟ್ಟಿಗೆ ಹಾಕಿದರು. ಮತ್ತೆ ಟೈಪ್ ಮಾಡು ಅಂದರು. ಮತ್ತೆ ನೋಡಿದರು. ಮತ್ತೆ ಒಂದಿಷ್ಟು ಮೆಣಸು. ಹೀಗೆ ನಾಲ್ಕು ಸಲ. ಕೊನೆಗೆ ನನ್ನ ಹೆಗಲು ತಾನಾಗಿ ಕೆಳಗೆ ಬಿತ್ತು, ಮೊಣಕೈ ಮೈ ಪಕ್ಕಕ್ಕೆ ಬಂದು ನೆಟ್ಟಗೆ ಮಡಚಿಕೊಂಡಿತು. ಅವರು ಒಂದು ರೀಪಿನ ತುಂಡನ್ನು ನೆಲದಿಂದ ಹಲಗೆಗೆ ಹಿಡಿದು ಉಗುರಲ್ಲಿ ಗೀರಿದರು. ಆಮೇಲೆ ಟೇಪ್ ಇಟ್ಟು ನೋಡಿದೆ. 67 ಸೆಂಟಿಮೀಟರ್. ಅಂಗಡಿ ಮೇಜಿಗಿಂತ ಮೂರು ಇಂಚು ಕಮ್ಮಿ. ನಾನು ಐದಡಿ ನಾಲ್ಕಿಂಚಿನ ಮನುಷ್ಯ. ಮೂರು ಇಂಚು ಮೇಲಿದ್ದ ಮೇಜಿಗೆ ಎರಡು ವರ್ಷ ಹೆಗಲು ಎತ್ತಿಕೊಂಡು ಕೂತಿದ್ದೆ.

ಗೀಸುಳಿ ಹಾಕಿದಾಗ ಹಲಸು ಅರಿಸಿನದಷ್ಟು ಹಳದಿ ಇತ್ತು. ಈಗ ಜೇನಿನ ಬಣ್ಣಕ್ಕೆ ತಿರುಗಿದೆ. ಗೋಡೆಯಿಂದ ಒಂದಡಿ ಬಿಟ್ಟು ಇಟ್ಟಿದ್ದೇನೆ, ಮೂಟೆ ಇಟ್ಟ ಹಾಗೆ. ಲೆದರ್ ಕುರ್ಚಿ ಹೋಗಿ ಬಲೆ ಬೆನ್ನಿನ ಕುರ್ಚಿ ಬಂತು, ಬೂಷ್ಟಿಗೆ ಅದರಲ್ಲಿ ಹಿಡಿಯಲಿಕ್ಕೆ ಏನೂ ಇಲ್ಲ. ಗಾಲಿ ಬಿಚ್ಚಿಸಿದೆ. ಲ್ಯಾಪ್‌ಟಾಪಿನ ಪರದೆ ಕಣ್ಣಿನ ಮಟ್ಟಕ್ಕೆ ಬರಲಿ ಅಂತ ಕೆಳಗೆ ನಾಲ್ಕು ಚೆಕ್‌ರೋಲ್ ಪುಸ್ತಕ. ಆ್ಯಪ್ ಬಂದ ವರ್ಷ ತೋಟದ ಆಫೀಸಿನಲ್ಲಿ ಬರೆಯದೇ ಉಳಿದವು, ರದ್ದಿಗೆ ಹಾಕುತ್ತಿದ್ದರು, ಕೇಳಿ ತಂದೆ. ಗಟ್ಟಿ ರಟ್ಟು, ಒಳ್ಳೆ ಕಾಗದ. ಕೀಬೋರ್ಡ್ ಬೇರೆ. ನಾನು ಕನ್ನಡ ಟೈಪಿಂಗನ್ನು 'ನುಡಿ' ತಂತ್ರಾಂಶದಲ್ಲಿ ಕಲಿತವನು, ಕೆ.ಪಿ. ರಾವ್ ಮಾಡಿದ ಕೀಲಿಮಣೆ ವಿನ್ಯಾಸ ಬೆರಳಿಗೆ ಕೂತುಬಿಟ್ಟಿದೆ. ಅದರಲ್ಲಿ ಒತ್ತಕ್ಷರಕ್ಕೆ ಎಫ್ ಕೀಲಿ. ಇಂಗ್ಲಿಷಿನವರಿಗೆ ಯಾವ ಕೀಲಿ ಮೊದಲು ಸವೆಯುತ್ತದೋ, ನನ್ನದರಲ್ಲಿ ಎಫ್ ಅಕ್ಷರ ಅಳಿಸಿಹೋಗಿ ಒಂದು ವರ್ಷವಾಯಿತು.

ಕರೆಂಟಿನ ಕಥೆ, ಚಿಕ್ಕದಾಗಿ

ಇದು ದೊಡ್ಡ ಕಥೆ, ಆದರೆ ಕೊಡಗಿನಲ್ಲಿ ಇದನ್ನು ಯಾರಿಗೆ ಹೇಳುವುದು? ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ, ಮೂರು ದಿನ. ನಾನು ಲೆಕ್ಕ ಹಾಕಿದ್ದು ಇಷ್ಟೇ: 12 ವೋಲ್ಟಿನ, 150 ಆಂಪಿಯರ್ ಅವರ್ ಬ್ಯಾಟರಿ ಅಂದರೆ ಕಾಗದದ ಮೇಲೆ 1800 ವ್ಯಾಟ್ ಅವರ್. ಪೂರ್ತಿ ಬರಿದು ಮಾಡಿದರೆ ಬ್ಯಾಟರಿ ಬಾಳುವುದಿಲ್ಲ, ಇನ್ವರ್ಟರೂ ತನ್ನ ಪಾಲು ತಿನ್ನುತ್ತದೆ. ಅರ್ಧ ಅಂತ ಹಿಡಿಯಿರಿ. ಲ್ಯಾಪ್‌ಟಾಪ್, ರೂಟರ್, ಒಂದು ಎಲ್‌ಇಡಿ ಬಲ್ಬ್ ಸೇರಿ 70 ವ್ಯಾಟ್. ಒಂದು ದಿನದ ಕೆಲಸ ಆರಾಮಾಗಿ, ಎಳೆದರೆ ಇನ್ನೂ ಸ್ವಲ್ಪ. ಟಿವಿ, ಫ್ಯಾನ್ ಎಲ್ಲ ಅದಕ್ಕೇ ಜೋಡಿಸಿದ್ದಾಗ ಮೂರು ಗಂಟೆಗೆ ಸುಸ್ತಾಗುತ್ತಿತ್ತು. ಈಗ ನನ್ನ ಕೋಣೆಗೆ ಬೇರೆ ಲೈನ್. ಅದೂ ಮುಗಿದರೆ ಕುಶಾಲನಗರದ ಬಸ್ಸು. ಅರ್ಧ ಗಂಟೆ ದಾರಿ, ಆದರೆ ಬೇರೆ ದೇಶ. ಇಲ್ಲಿ ಕೊಡೆ ಹಿಡಿದು ಹತ್ತಿದವನು ಅಲ್ಲಿ ಬಿಸಿಲಿಗೆ ಇಳಿದದ್ದೂ ಇದೆ.

ಏಪ್ರಿಲ್‌ನ ಸಿಡಿಲಿಗೆ ಒಂದು ರೂಟರ್ ಕೊಟ್ಟು ಪಾಠ ಕಲಿತೆ. ಫೈಬರ್ ಗಾಜಿನ ಎಳೆ, ಅದರಲ್ಲಿ ಸಿಡಿಲು ಹರಿಯುವುದಿಲ್ಲ ಅಂತ ಧೈರ್ಯವಾಗಿದ್ದೆ. ನಿಜ, ಅದರಲ್ಲಿ ಬರಲಿಲ್ಲ. ಗೋಡೆಯ ಪ್ಲಗ್ಗಿನಿಂದ ಬಂತು. ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂಮಳೆ ಬರಲಿ ಅಂತ ಊರೆಲ್ಲ ಆಕಾಶ ನೋಡುವ ಹೊತ್ತಿನಲ್ಲಿ ನಾನು ಪ್ಲಗ್ ಕೀಳಲಿಕ್ಕೆ ಓಡುತ್ತೇನೆ. ಅರ್ತಿಂಗ್ ಗುಂಡಿಗೆ ಇದ್ದಿಲು, ಉಪ್ಪು ಹೊಸದಾಗಿ ಹಾಕಿಸಿದೆ, ಬೇಸಿಗೆಯಲ್ಲಿ ಎರಡು ಕೊಡ ನೀರು ಹಾಕುವುದು ಮಗಳ ಕೆಲಸ.

ಕಣ್ಣಿನ ಡಾಕ್ಟರ್ ಒಂದು ಲೆಕ್ಕ ಹೇಳಿದರು. 20 ನಿಮಿಷಕ್ಕೊಮ್ಮೆ, 20 ಅಡಿ ದೂರದ್ದನ್ನು, 20 ಸೆಕೆಂಡ್ ನೋಡಬೇಕು. ಕಿಟಕಿಯಿಂದ ಸರಿಯಾಗಿ ಅಷ್ಟು ದೂರದಲ್ಲಿ ಒಂದು ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಅದನ್ನೇ ನೋಡುತ್ತೇನೆ. ಜುಲೈನಲ್ಲಿ ಮಂಜು ಇಳಿದರೆ 20 ಅಡಿಯೇ ಇರುವುದಿಲ್ಲ. ಬಿಳಿ ಗೋಡೆ ನೋಡಿದ ಹಾಗೆ. ಅದೂ ಕಣ್ಣಿಗೆ ತಂಪೇ ಅನ್ನಿ.

ಕಣಕ್ಕೆ ಮಳೆ

ಆ ಕಿಟಕಿಯಿಂದ ಕಣವೂ ಕಾಣುತ್ತದೆ. ಮೇಜು ಇಡುವಾಗ ಇದನ್ನು ಯೋಚಿಸಿರಲಿಲ್ಲ. ಬೆಳಕು ಎಡಗಡೆಯಿಂದ ಬರಲಿ, ಪರದೆಗೆ ಹೊಳಪು ಬೀಳದಿರಲಿ ಅಂತ ಮಾತ್ರ ನೋಡಿದ್ದೆ.

ಎರಡು ವರ್ಷದ ಹಿಂದಿನ ಜನವರಿ. ಕಣದಲ್ಲಿ ಹತ್ತು ದಿನದ ಚೆರಿ, ಇನ್ನೊಂದು ನಾಲ್ಕು ಬಿಸಿಲು ಸಿಕ್ಕರೆ ಆಗುತ್ತಿತ್ತು. ನಾನು ಒಂದು ಬ್ಯಾಂಕ್ ಆ್ಯಪಿನ ಮೀಟಿಂಗಿನಲ್ಲಿದ್ದೆ, ದೊಡ್ಡವರೆಲ್ಲ ಇದ್ದರು, ನನ್ನ ಸರದಿ ಬಂದಿತ್ತು. ಪರದೆಯ ಪಕ್ಕದಲ್ಲಿ, ಕಿಟಕಿಯಾಚೆ, ಬೆಟ್ಟದ ಅಂಚು ಕಪ್ಪಾದದ್ದು ಕಂಡಿತು. ಜನವರಿಯಲ್ಲಿ ಮಳೆಯಾ ಅಂದುಕೊಂಡೆ. ಮೊದಲ ಹನಿ ಸಿಮೆಂಟಿನ ಮೇಲೆ ಬಿದ್ದ ಕಲೆ ಇಲ್ಲಿಂದಲೇ ಕಾಣಿಸಿತು, ಎರಡು ರೂಪಾಯಿ ನಾಣ್ಯದಷ್ಟು. ಅಮ್ಮ ಹಿತ್ತಲಿನಲ್ಲಿದ್ದರು, ಅವರಿಗೆ ಗೊತ್ತಾಗಿರಲಿಲ್ಲ. ಒಣಗುತ್ತಿರುವ ಕಾಫಿ ಒಮ್ಮೆ ನೆನೆದರೆ ಮುಗಿಯಿತು, ಬೂಷ್ಟು ಹಿಡಿಯುತ್ತದೆ, ವಾಸನೆ ಬರುತ್ತದೆ, ರೇಟ್ ಹೋಯಿತು. ನಾನು "ಒಂದು ನಿಮಿಷ, ಕಣಕ್ಕೆ ಮಳೆ ಬಂತು" ಅಂತ ಮೈಕಿನಲ್ಲೇ ಕೂಗಿ ಎದ್ದೆ. ಮ್ಯೂಟ್ ಮಾಡಲಿಲ್ಲ, ಕ್ಯಾಮೆರಾ ಮುಚ್ಚಲಿಲ್ಲ. ಕಿವಿಯಿಂದ ಹೆಡ್‌ಫೋನ್ ಎಳೆದುಕೊಂಡೇ ಬಂತು.

ಅಮ್ಮ ಹಲಗೆಯಲ್ಲಿ ರಾಶಿ ಎಳೆಯುವುದು, ನಾನು ಟಾರ್ಪಾಲ್ ಹೊದೆಸುವುದು, ಅಂಚಿಗೆ ಕಲ್ಲು ಹೇರುವುದು. ಒಂದು ಮೂಲೆ ಗಾಳಿಗೆ ಹಾರಿತು, ಅದರ ಮೇಲೆ ನಾನೇ ಕೂತೆ. ಹಾಗೇ ಕೂತಿದ್ದೆ, ಮಳೆ ನಿಲ್ಲುವ ತನಕ. ಆಮೇಲೆ ಅಂಚಿನಲ್ಲಿ ನೆನೆದ ಒಂದು ಸಾಲನ್ನು ಬೇರೆ ಮಾಡಿದೆವು, ನೀರು ಒರೆಸಿದೆವು. ಪೂರ್ತಿ ಎರಡು ಗಂಟೆ. ಒದ್ದೆ ಮೈಯಲ್ಲಿ ಕೋಣೆಗೆ ಬಂದರೆ ಮೀಟಿಂಗ್ ಮುಗಿದು ಎಷ್ಟೋ ಹೊತ್ತಾಗಿದೆ. ಪರದೆ ಮೇಲೆ ಒಂದೇ ಸಾಲು ಇತ್ತು: 'ಸರ್, ಕಾಫಿ ಉಳೀತಾ?'

ಉಳೀತು ಅಂತ ಬರೆದೆ. ಬಟ್ಟೆ ಬದಲಿಸಿ ಕೂತು ಬಾಕಿ ಇದ್ದದ್ದನ್ನೆಲ್ಲ ಮುಗಿಸುವಾಗ ರಾತ್ರಿ ಒಂಬತ್ತು. ಕೋಣೆ ಬೆಚ್ಚಗಿತ್ತು, ಬೆಕ್ಕು ಮೂಟೆಯ ಮೇಲೆ ಇತ್ತು.

ಲ್ಯಾಪ್‌ಟಾಪಿನ ಕೆಳಗಿನ ನಾಲ್ಕು ಚೆಕ್‌ರೋಲ್‌ಗಳಲ್ಲಿ ಮೇಲಿನದನ್ನು ನಾನು ಬಳಸುತ್ತೇನೆ. ಹಳೆ ಚಟ. ಗಂಟೆ ಲೆಕ್ಕದಲ್ಲಿ ಬಿಲ್ ಕಳಿಸಬೇಕಾಗುತ್ತದೆ, ಅದಕ್ಕೂ ಬೇಕು. ಒಂದೇ ಹೆಸರು, ನನ್ನದು, ಅದರ ಮುಂದೆ 1 ಅಥವಾ ½. ಅವತ್ತು ಪೆನ್ ಹಿಡಿದು ಸ್ವಲ್ಪ ಹೊತ್ತು ಕೂತೆ. ಎರಡು ಗಂಟೆ ಎದ್ದು ಹೋಗಿದ್ದೆ, ಅದೂ ದೊಡ್ಡವರ ಮುಂದೆ. ಅರ್ಧ ಹಾಕುವುದಾ, ಪೂರ್ತಿ ಹಾಕುವುದಾ?

ಅಮ್ಮ ಕಾಫಿ ತಂದು ಮೇಜಿನ ಮೇಲಿಟ್ಟರು. ಓದಲಿಕ್ಕೆ ಹೆಚ್ಚು ಬರುವುದಿಲ್ಲ, ಚೆಕ್‌ರೋಲ್ ಮಾತ್ರ ಚೆನ್ನಾಗಿ ಗೊತ್ತು. ಮದುವೆಗೆ ಮೊದಲು ಅವರ ಹೆಸರೂ ಒಂದರಲ್ಲಿ ಇತ್ತಂತೆ. ಬಗ್ಗಿ ಖಾಲಿ ಕಾಲಂ ನೋಡಿದರು.

"ಒಂದೂವರೆ ಹಾಕು" ಅಂದರು. ಲೋಟ ಕೊಡು, ತೊಳೀಬೇಕು ಅಂತ ಅಲ್ಲೇ ನಿಂತರು.